ನನ್ನ ರಕ್ತದಲ್ಲಿ ಬಿಸಿಲು ಕಮ್ಮಿ!

"ಈ ವರ್ಷ ಯಾವ ಡಾಕ್ಟರ ಹೊಸಿಲನ್ನೂ ತುಳಿಯುವುದಿಲ್ಲ! ಇದು ನಾಗಭೂಷಣನ ಪ್ರತಿಜ್ಞೆ!"

ಯುಗಾದಿಯ ದಿನ ಒಬ್ಬಟ್ಟಿನ ಮೇಲೆ ತುಪ್ಪ ಸುರಿದುಕೊಳ್ಳುತ್ತ ನಾನು ಹೀಗೆ ಘೋಷಿಸಿದೆ. ನಾನು ಕೊಳಾಲದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಮನೆ ಮಧುಗಿರಿ. ಕಿಟಕಿ ತೆರೆದರೆ ಬೆಟ್ಟ. ಅದನ್ನೇ ತೋರಿಸಿ ಹೆಂಡತಿ ಭುವನಾಗೆ ಹೇಳಿದೆ: "ನೋಡು, ನನ್ನ ದೇಹವೂ ಹಾಗೇ. ಏಕಶಿಲೆ! ಎಲ್ಲೂ ಬಿರುಕಿಲ್ಲ!"

"ಬೆಟ್ಟಕ್ಕೆ ಹೊಟ್ಟೆ ಇಲ್ಲ ಕಣ್ರೀ. ನಿಮಗಿದೆ. ಆರನೇ ಒಬ್ಬಟ್ಟು ಸಾಕು ಮಾಡಿ" ಎಂದಳು.

ಅವಳ ಬಾಯಲ್ಲಿ ಏನಿತ್ತೋ! ಶಾಲೆ ಶುರುವಾದ ಮೇಲೆ ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬಸ್ಸಿನಲ್ಲಿ ಕಂಡಕ್ಟರ್ "ರೈಟ್" ಎಂದೊಡನೆ ಹೊಟ್ಟೆಯೂ "ರೈಟ್" ಎನ್ನುತ್ತಿತ್ತು. ಮನೆಯಿಂದ ಹೊರಡುವ ಮುನ್ನ ಎರಡು ಸಲ, ಹೊರಟ ಮೇಲೆ ನೆನಪಾಗಿ ವಾಪಸು ಬಂದು ಇನ್ನೊಂದು ಸಲ. ಆಮೇಲೆ ಎರಡು ದಿನ ಏನೂ ಇಲ್ಲ, ಮುಷ್ಕರ! ಪಾವಗಡದಲ್ಲಿ ನಡೆದ ಕ್ರೀಡಾಕೂಟದಲ್ಲಂತೂ ಓಟದ ಸ್ಪರ್ಧೆಗೆ ಸೀಟಿ ಊದಿದವನೇ ಮಕ್ಕಳಿಗಿಂತ ಮೊದಲು ಓಡಿದೆ. ಮಕ್ಕಳು ಟೇಪು ಮುಟ್ಟಿದರು. ನಾನು ಶೌಚಾಲಯದ ಬಾಗಿಲು ಮುಟ್ಟಿದೆ.

ಇಷ್ಟಾದರೂ ಹೆದರಿರಲಿಲ್ಲ. ನನ್ನನ್ನು ಹೆದರಿಸಿದ್ದು ಎದುರು ಮನೆಯ ಅಡವಯ್ಯನವರು. ಅವರು ರಿಟೈರಾದ ಮೇಲೆ ಕೈಗೆತ್ತಿಕೊಂಡ ಏಕೈಕ ಉದ್ಯೋಗವೆಂದರೆ ಬೀದಿಯವರ ಆರೋಗ್ಯ ವಿಚಾರಿಸುವುದು.

"ಹೊಟ್ಟೆನಾ ಮೇಷ್ಟ್ರೇ?" ಎಂದು ಕಣ್ಣು ಕಿರಿದು ಮಾಡಿದರು. "ನಮ್ ಬಾಮೈದಂಗೂ ಇಂಗೇ ಸುರುವಾಯ್ತು. ಹೊಟ್ಟೆ, ಹೊಟ್ಟೆ ಅಂತಿದ್ದ. ಕಲ್ಲಿದ್ದಂಗಿದ್ದ ಆಳು!"

"ಆಮೇಲೆ?"

"ಆಮೇಲೇನು, ಗೋಡೆ ಮ್ಯಾಲೆ ಅವ್ನೆ. ಫೋಟೋದಾಗೆ."

ನನ್ನ ಏಕಶಿಲೆ ಅಲ್ಲಿಯೇ ಬಿರುಕು ಬಿಟ್ಟಿತು! ಮನೆಗೆ ಬಂದು ಸೋಫಾದ ಮೇಲೆ ಕುಸಿದೆ. ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಖಾಲಿ ಮೊಳೆ ಕಂಡಿತು. ಅದು ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು.

"ಭುವನಾ, ಇನ್ನು ಮೇಲೆ ಗ್ಯಾಸ್ ಸಿಲಿಂಡರ್ ಬುಕ್ ಮಾಡೋದನ್ನ ಕಲಿತುಕೋ" ಎಂದೆ ಕ್ಷೀಣ ದನಿಯಲ್ಲಿ.

"ಮದುವೆ ಆದಾಗಿನಿಂದ ಬುಕ್ ಮಾಡ್ತಿರೋಳು ನಾನೇ. ಏಳಿ, ಡಾಕ್ಟರ ಹತ್ರ ಹೋಗೋಣ."

ಪ್ರತಿಜ್ಞೆ ಹೋಯಿತು. ಹೊಸಿಲು ತುಳಿದೆ. ಡಾಕ್ಟರು ಪಾವಗಡದ ಕಡೆಯವರು, ಹೆಸರು ಚಿರಂಜೀವಿ. ಆ ಹೆಸರು ಕೇಳಿಯೇ ನನಗೆ ಅರ್ಧ ಜೀವ ಬಂತು. ಆದರೆ ಅವರು "ಬ್ಲಡ್ ಟೆಸ್ಟ್ ಮಾಡಿಸಿಬಿಡಿ" ಎಂದಾಗ ಬಂದಿದ್ದ ಅರ್ಧವೂ ಹೋಯಿತು. ಸೂಜಿ ಕಂಡೊಡನೆ ಕಣ್ಣು ಕತ್ತಲಾಗಿ, ನರ್ಸಮ್ಮ ನನ್ನನ್ನು ಹೊರಗಿನ ಬೆಂಚಿಗೆ ಒರಗಿಸಿ ಹೋದರಂತೆ. ನನಗೆ ನೆನಪಿಲ್ಲ.

ಮಾರನೆಯ ದಿನ ಡಾಕ್ಟರು ರಿಪೋರ್ಟ್ ಓದುವಾಗ ನಾನು ಅವರ ಹುಬ್ಬುಗಳನ್ನೇ ನೋಡುತ್ತಿದ್ದೆ. ಹುಬ್ಬು ಮೇಲೆ ಹೋದರೆ ನಾನೂ ಮೇಲೆ!

"ಹಿಮೋಗ್ಲೋಬಿನ್ ಓಕೆ. ಇ.ಎಸ್.ಆರ್. ಓಕೆ. ಸಿ.ಆರ್.ಪಿ. ನಾರ್ಮಲ್."

"ಸಿ.ಆರ್.ಪಿ. ನಾರ್ಮಲ್ಲಾ?" ನಾನು ಬೆಚ್ಚಿದೆ. ಮೇಷ್ಟ್ರುಗಳಿಗೆ ಸಿ.ಆರ್.ಪಿ. ಅಂದರೆ ಶಾಲೆಗೆ ತಪಾಸಣೆಗೆ ಬರುವ ಅಧಿಕಾರಿ. ನಮ್ಮ ಸಿ.ಆರ್.ಪಿ. ನಾರ್ಮಲ್ಲಾಗಿದ್ದದ್ದನ್ನು ನಾನಂತೂ ಕಂಡಿಲ್ಲ!

"ಅದಲ್ಲ ಸಾರ್. ಒಳಗೆ ಎಲ್ಲಾದರೂ ಉರಿಯೂತ ಇದ್ರೆ ರಕ್ತದಲ್ಲಿ ಇದು ಏರುತ್ತೆ. ನಿಮಗೆ ಏರಿಲ್ಲ. ಏಮೀ ಕಾದು, ಏನೂ ಆಗಲ್ಲ! ಇದು ಐ.ಬಿ.ಎಸ್. ಇರಿಟಬಲ್ ಬವೆಲ್. ಅಂದ್ರೆ ಕರುಳಿಗೆ ಸಿಡುಕು."

"ಮನುಷ್ಯನೇ ಸಿಡುಕ. ಕರುಳು ಇನ್ನು ಹೆಂಗಿರುತ್ತೆ?" ಎಂದಳು ಭುವನಾ.

"ಒಂದೇ ಒಂದು, ವಿಟಮಿನ್ ಡಿ ಕಮ್ಮಿ ಇದೆ. ಈ ತೊಂದರೆ ಇರೋ ಬಹಳ ಜನಕ್ಕೆ ಕಮ್ಮಿ ಇರುತ್ತೆ. ಅದರಿಂದ ಇದು ಬಂತೋ, ಇದರಿಂದ ಅದು ಬಂತೋ, ಖಚಿತವಾಗಿ ಹೇಳೋಕಾಗಲ್ಲ. ವಾರಕ್ಕೊಂದು ಪುಡಿ ಹಾಲಿನಲ್ಲಿ ಕುಡೀರಿ. ಸ್ವಲ್ಪ ಬಿಸಿಲಲ್ಲಿ ಓಡಾಡಿ. ಟೀ ಕಡಿಮೆ ಮಾಡಿ. ಭಯ ಅದಕ್ಕಿಂತ ಕಡಿಮೆ ಮಾಡಿ."

ಇಷ್ಟೆಲ್ಲ ಹೇಳಿದರಲ್ಲ, ನನ್ನ ಕಿವಿಗೆ ಬಿದ್ದದ್ದು ಒಂದೇ ಪದ: ಕಮ್ಮಿ! ರಿಪೋರ್ಟಿನಲ್ಲಿ ಅದನ್ನು ಕೆಂಪಕ್ಷರದಲ್ಲಿ ಬೇರೆ ಹಾಕಿದ್ದರು.

"ಬಿಸಿಲು ಮಾರುವಷ್ಟಿರುವ ಊರಿನಲ್ಲಿ, ಬಯಲಲ್ಲೇ ಕೆಲಸ ಮಾಡೋ ಪಿ.ಟಿ. ಮೇಷ್ಟ್ರಿಗೆ ಬಿಸಿಲು ಕಮ್ಮಿಯೆ?" ಎಂದು ದಾರಿಯುದ್ದಕ್ಕೂ ಗೋಳಾಡಿದೆ.

"ಬಯಲಲ್ಲಿರೋರು ಮಕ್ಕಳು. ನೀವು ಹೊಂಗೆ ಮರದ ಕೆಳಗೆ ಕುರ್ಚಿ ಹಾಕ್ಕೊಂಡು ಸೀಟಿ ಊದ್ತೀರಿ" ಎಂದಳು.

ಬೀದಿಯ ತುದಿಯಲ್ಲಿ ಅಡವಯ್ಯ ಕಾದಿದ್ದರು. "ಏನಂತೆ?"

"ಒಂದು ಕಮ್ಮಿ ಬಂದಿದೆ" ಎಂದೆ.

"ಬಂತಾ? ಬಂದ್ಬುಡ್ತಾ!" ಎಂದು ತಲೆಯಾಡಿಸಿ ಒಳಗೆ ಹೋದರು. ಸಂಜೆಯೊಳಗೆ ಇಡೀ ಬೀದಿ ನನ್ನನ್ನು ಬಹಳ ಮೃದುವಾಗಿ ಮಾತನಾಡಿಸತೊಡಗಿತು.

ಭಾನುವಾರ ತೀರ್ಮಾನಿಸಿದೆ. ವಾರಕ್ಕೊಂದು ಪುಡಿಯಂತೆ! ಅಲ್ಲಿಯವರೆಗೆ ನಾನು ಇರಬೇಕಲ್ಲ? ಇಡೀ ಕೊರತೆಯನ್ನು ಒಂದೇ ದಿನ ತುಂಬಿಬಿಡುತ್ತೇನೆ! ಹೊತ್ತು ನೆತ್ತಿಗೇರುವ ಸಮಯಕ್ಕೆ ಶರ್ಟು, ಪಂಚೆ, ಫೋನು ಎಲ್ಲ ಮಂಚದ ಮೇಲೆ ಬಿಟ್ಟು, ಮೈತುಂಬ ಕೊಬ್ಬರಿ ಎಣ್ಣೆ ಬಳಿದು, ಪಟ್ಟೆಪಟ್ಟೆ ಚಡ್ಡಿಯೊಂದರಲ್ಲಿ ತಾರಸಿ ಹತ್ತಿ, ಹಪ್ಪಳದಂತೆ ಮಲಗಿದೆ. ಸೂರ್ಯದೇವ, ಒಳಗೆ ಬಾ!

ಕೆಳಗೆ ಭುವನಾ ಕೊರಟಗೆರೆಯಲ್ಲಿರುವ ತನ್ನ ಅಕ್ಕನ ಮನೆಯ ನಾಮಕರಣಕ್ಕೆ ಹೊರಟಿದ್ದಳು. ಹೊರಡುವ ಮುನ್ನ ಕೋತಿಗಳು ಬರುತ್ತವೆಂದು ತಾರಸಿ ಬಾಗಿಲಿನ ಚಿಲಕ ಹಾಕಿದಳು. ಬಚ್ಚಲ ಬಾಗಿಲಿಗೆ "ರೀ, ಹೋಗಿ ಬರ್ತೀನಿ" ಎಂದಳು. ನನ್ನನ್ನು ಹುಡುಕಿಕೊಂಡು ಬೇರೆ ಕಡೆ ಹೋಗುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು! ಎಳೆದರೆ ತಾನೇ ಬೀಳುವ ಮುಂಬಾಗಿಲ ಬೀಗವೂ ಬಿತ್ತು.

ಸ್ವಲ್ಪ ಹೊತ್ತಿಗೆ ಹೊಟ್ಟೆ "ರೈಟ್" ಎಂದಿತು.

ಎದ್ದು ಬಾಗಿಲು ತಳ್ಳಿದೆ. ಅಲುಗಲಿಲ್ಲ. ಬಡಿದೆ. ಒದ್ದೆ. "ಭುವನಾ! ಭುವನಾ!" ಉತ್ತರವಿಲ್ಲ. ನಿಜ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ಅಂಥ ಭಯ ಕಂಡಿಲ್ಲ. ಬೆವರು ಎಣ್ಣೆಯ ಮೇಲೆ ಜಾರುತ್ತಿತ್ತು, ಪಾದ ಸುಡುತ್ತಿತ್ತು. ಹೊಟ್ಟೆ ಹಿಡಿದು ತಾರಸಿಯ ಸುತ್ತ ಓಡಿದೆ. ನಿಂತರೆ ಅಪಾಯ, ಓಡಿದರೆ ಇನ್ನೂ ಅಪಾಯ! ಕೊನೆಗೆ ಮೂಲೆಯ ನೀರಿನ ಪೈಪು ಕಂಡಿತು. ಅದನ್ನು ಹಿಡಿದು ಇಳಿಯೋಣವೆಂದು ಒಂದು ಕಾಲನ್ನು ಗೋಡೆಯಾಚೆ ಹಾಕಿದೆ.

"ಅಯ್ಯಯ್ಯೋ! ಮೇಷ್ಟ್ರು ಬೀಳ್ತಾವ್ರೆ! ಯಾರಾದ್ರೂ ಬರ್ರಪ್ಪೋ!"

ಪಕ್ಕದ ಮನೆ ಮಂಜಮ್ಮ! ಆಕೆಯ ಗಂಟಲಿಗೆ ಬೀದಿಯೇ ಹೊರಗೆ ಬಂತು. ಎಲ್ಲರಿಗಿಂತ ಮುಂದೆ ಅಡವಯ್ಯ.

"ಬ್ಯಾಡಿ ಮೇಷ್ಟ್ರೇ! ರಿಪೋರ್ಟು ಏನಾನ ಬರ್ಲಿ, ಕಾಲು ಒಳೀಕೆ ಹಾಕ್ಕಳಿ!"

"ಬಾಗಿಲು ತೆಗೀರಿ!" ನಾನು ಕಿರುಚಿದೆ.

"ತಗೀತೀವಿ, ಮೊದ್ಲು ಮನ್ಸು ಗಟ್ಟಿ ಮಾಡ್ಕಳಿ!"

"ಮನಸ್ಸಲ್ಲ! ನನಗೆ ಟೈಮಿಲ್ಲ ರೀ!"

"ಟೈಮಿಲ್ಲ ಅಂತಾವ್ರಲ್ಲಪ್ಪೋ!" ಮಂಜಮ್ಮ ಸೆರಗು ಬಾಯಿಗಿಟ್ಟು ಅಳತೊಡಗಿದರು. "ಹೆಂಡ್ತಿ ಮುಖ ನೆನೆಸ್ಕಳಿ ಸಾರ್!"

ಅಷ್ಟು ಹೆಂಗಸರ ಮುಂದೆ ನಿಜವನ್ನು ಹೇಗೆ ಹೇಳಲಿ? ಹೇಳದಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅದೇ ಹೇಳಿಕೊಳ್ಳುತ್ತದೆ! ಗೋಡೆಯ ಮೇಲೆ ಕುದುರೆ ಸವಾರನಂತೆ ಕೂತು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಅಡವಯ್ಯ ಭುವನಾಗೆ ಫೋನು ಮಾಡಿ, ಸ್ಪೀಕರ್ ಹಾಕಿ ನನ್ನತ್ತ ಎತ್ತಿ ಹಿಡಿದರು. ಅವಳು ಇನ್ನೂ ಬಸ್ ಸ್ಟ್ಯಾಂಡಿನಲ್ಲಿದ್ದಳು.

"ರೀ!" ಅವಳ ದನಿ ನಡುಗುತ್ತಿತ್ತು. "ಏನಾಯ್ತು ರೀ ನಿಮಗೆ?"

"ಭುವನಾ..." ಎಂದು ನರಳಿದೆ.

ಬೀದಿಗೆಲ್ಲ ಕೇಳುವಂತೆ ಅವಳು ಕೇಳಿದಳು: "ಹೊಟ್ಟೇನಾ?"

"ಹೂಂ!"

"ಅಡವಯ್ಯನೋರೇ, ಅವರು ಬೀಳೋಕೆ ಹೊರಟಿಲ್ಲ, ಕಕ್ಕಸ್ಸಿಗೆ ಹೊರಟಿದ್ದಾರೆ! ಮಂಜಮ್ಮನ ಹತ್ರ ಇನ್ನೊಂದು ಬೀಗದ ಕೈ ಇದೆ, ಬೇಗ ತೆಗೀರಿ!"

ಬಾಗಿಲು ತೆರೆಯಿತು. ಅಡವಯ್ಯ ನನ್ನನ್ನು ಅಪ್ಪಿಕೊಳ್ಳಲು ತೋಳು ಚಾಚಿ ಮೇಲೆ ಬರುತ್ತಿದ್ದರು. ಎಣ್ಣೆ ಮೈ ಅವರ ಕೈಗೆ ಸಿಗಲಿಲ್ಲ. ಮೆಟ್ಟಿಲು ನನ್ನ ಕಾಲಿಗೆ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಮಾನವೊಂದು ಉಳಿಯಿತು, ಅದೂ ಕೂದಲೆಳೆಯಲ್ಲಿ! ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಬೀದಿ ಇನ್ನೂ ನಗುತ್ತಿತ್ತು.

ನಾಮಕರಣ ಬಿಟ್ಟು ವಾಪಸು ಬಂದ ಭುವನಾ ನನ್ನ ಬೆಂದ ಬೆನ್ನಿಗೆ ಲೋಳೆಸರ ಹಚ್ಚಿದಳು. ಒಂದೂ ಬೈಗುಳವಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಸಂಜೆ ಹಾಲು ಕಾಸಿ ಒಂದು ಲೋಟದಲ್ಲಿ ಪುಡಿ ಕಲಸಿ ನನಗೆ ಕೊಟ್ಟಳು. ಇನ್ನೊಂದು ಲೋಟಕ್ಕೂ ಒಂದು ಪೊಟ್ಟಣ ಹರಿದಳು.

"ಎರಡು ಬೇಡ ಕಣೆ! ಡಾಕ್ಟರು ಒಂದೇ ಹೇಳಿದ್ದು" ಎಂದೆ ಗಾಬರಿಯಿಂದ.

"ಇದು ನನಗೆ. ನೀವು ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ರಲ್ಲ, ಆವಾಗ ನಾನೂ ರಕ್ತ ಕೊಟ್ಟೆ. ನಿಮಗಿಂತ ನನಗೇ ಕಮ್ಮಿ ಬಂದಿದೆ. ಮಂಡಿನೋವು ಅದಕ್ಕೇ ಇರಬಹುದು ಅಂತ, ನೀವು ಹೊರಗೆ ಹೋದ ಮೇಲೆ ಡಾಕ್ಟರು ಹೇಳಿದ್ರು."

ನನ್ನ ಕೈಯಲ್ಲಿ ಲೋಟ ಹಾಗೇ ನಿಂತಿತು. ಅವಳಿಗೆ ಮಂಡಿನೋವು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ.

"ಭುವನಾ! ನನಗ್ಯಾಕೆ ಹೇಳಲಿಲ್ಲ?"

ಅವಳು ಹಾಲು ಮುಗಿಸಿ, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡಳು.

"ಹೇಳೋಣ ಅಂತಾನೇ ಇದ್ದೆ ಕಣ್ರೀ. ನಿಮಗೆ ಹೆದರಿಕೊಳ್ಳೋ ಕೆಲಸದಿಂದ ಒಂದು ಭಾನುವಾರನಾದರೂ ರಜಾ ಸಿಗಬೇಕಲ್ಲ!"