ಮಾವನವರ ಗಡಿಯಾರದ ಮುಚ್ಚಳ

ಗಡಿಯಾರ ನಿಂತರೆ ನಾನು ಹೆದರುವವನಲ್ಲ. ಅದು ಹೊಟ್ಟೆಯೊಳಗಿನ ಕಾಯಿಲೆ. ಮುಚ್ಚಿ ಕೋಟಿನ ಜೇಬಿನಲ್ಲಿಟ್ಟರೆ ಯಾರಿಗೆ ತಿಳಿಯಬೇಕು? ಆದರೆ ಮುಚ್ಚಳವೇ ಮುರಿದರೆ ಮರ್ಯಾದೆ ಹೋದಂತೆ. ಮದುವೆಯಲ್ಲಿ ಮಾವನವರು ತಮ್ಮ ಸ್ವಂತ ಜೇಬುಗಡಿಯಾರವನ್ನೇ ನನಗೆ ಕೊಟ್ಟಿದ್ದರು. ಬೆಳ್ಳಿಯ ಕೇಸು, ಮೇಲೊಂದು ಬೆಳ್ಳಿಯ ಮುಚ್ಚಳ. ಹುಮನಾಬಾದಿನಲ್ಲಿ ಧಾನ್ಯದ ವ್ಯಾಪಾರ ಮಾಡುವ ಅವರು ಇಪ್ಪತ್ತು ವರ್ಷ ಅದಕ್ಕೊಂದು ಗೀರೂ ಬೀಳದಂತೆ ಕಾಪಾಡಿದ್ದರು. ನಾನು ಎರಡೇ ವರ್ಷದಲ್ಲಿ ಕೆಡಿಸಿದೆ.

ಕೆಡಿಸಿದ್ದು ಶೋಕಿಯಿಂದ. ಆಗ ನಾನು ಕಲ್ಯಾಣಿಯಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಉರ್ದು ಶಾಲೆಯ ಮಾಸ್ತರ. ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು, ಹುಬ್ಬು ಗಂಟಿಕ್ಕಿ, 'ಟಪ್' ಎಂದು ಮುಚ್ಚುತ್ತಿದ್ದೆ. ಆ ಸದ್ದಿಗೆ ಮಕ್ಕಳು ಬೆತ್ತಕ್ಕಿಂತ ಹೆಚ್ಚು ಹೆದರುತ್ತಿದ್ದರು. ಒಂದು ದಿನ ಕೀಲು ಕಿತ್ತು ಮುಚ್ಚಳ ಕೈಗೇ ಬಂತು. ಪಂಚಮಿಗೆ ಎಂಟೇ ದಿನ. ಮಗಳನ್ನು ತವರಿಗೆ ಕರೆದೊಯ್ಯಲು ಮಾವನವರು ತಾವೇ ಬರುವವರಿದ್ದರು. ಗಡಿಯಾರ ಕಾಪಾಡಲಾರದವನ ಕೈಗೆ ಮಗಳನ್ನು ಕೊಟ್ಟೆನಲ್ಲ ಎಂದುಕೊಂಡರೆ?

ಗಡಿಯಾರ ರಿಪೇರಿಯ ಒಳ್ಳೆಯ ಕಾರೀಗರ ಖಾದರಸಾಬರು ಇದ್ದದ್ದೂ ಹುಮನಾಬಾದಿನಲ್ಲೇ! ಉರ್ದು ಶಾಲೆಗೆ ಶುಕ್ರವಾರ ರಜೆ. ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು, ಮಾವನವರ ಅಂಗಡಿಯ ಓಣಿ ತಪ್ಪಿಸಿ ಹೋಗಿ, ಖಾದರಸಾಬರು ನಮಾಜಿಗೆ ಹೊರಡುವ ಮೊದಲೇ ಅವರನ್ನು ಹಿಡಿದೆ.

"ಮುಚ್ಚೂ ಮುಂದ ಗುಂಡಿ ಒತ್ತಿ ಹಿಡೀಬೇಕ್ರಿ ಸಾಬ್. ನೀವು ಹಾಂಗೇ ಬಡದೀರಿ," ಎಂದರು. "ಬೆಸಿಗಿ ಹಾಕಾಕ ಬೆಂಕಿ ತೋರಸಬೇಕು. ಮಶೀನು ನೀವು ಒಯ್ರಿ, ಕೇಸು ಇಲ್ಲೇ ಇರ್ಲಿ."

"ಪಂಚಮಿ ಒಳಗ ಆಗ್ತದೇನ್ರಿ?"

"ಫಿಕರ್ ಮಾಡಬ್ಯಾಡ್ರಿ. ಮನೀಗೇ ಮುಟ್ಟಸ್ತೀನಿ."

ಯಾರ ಮನೆ ಎಂದು ಅವರು ಕೇಳಲಿಲ್ಲ. ಗುರುತು ಹೊರಬಿದ್ದೀತೆಂದು ನಾನೂ ಹೇಳಲಿಲ್ಲ.

ಬೆತ್ತಲೆ ಯಂತ್ರಕ್ಕೆ ಮನೆಯಲ್ಲಿ ಸರಿಹೊಂದಿದ್ದು ಹಿತ್ತಾಳೆಯ ಸುಣ್ಣದ ಡಬ್ಬಿ ಒಂದೇ. ತೊಳೆದು, ಒರೆಸಿ, ಹತ್ತಿ ಹಾಸಿ ಮಲಗಿಸಿ, ಗೋಡೆಯ ಗೂಡಿನಲ್ಲಿಟ್ಟೆ. ವಿಳಾಸ ಹೇಳದಿದ್ದರೂ ಹೇಗೋ ಹುಡುಕಿ ತಂದಾರೆಂದು ದಿನಾ ಬಾಗಿಲು ಕಾದೆ. ಕೇಸು ಬರಲಿಲ್ಲ, ಮಾವನವರು ಬಂದರು. ಊಟ ಮುಗಿಸಿ ಎಲೆ ಹಾಕಿಕೊಳ್ಳಲು ಕುಳಿತವರು, ನಾನು "ಬ್ಯಾಡ್ರಿ!" ಎನ್ನುವಷ್ಟರಲ್ಲಿ ಗೂಡಿನ ಡಬ್ಬಿ ತೆಗೆದು ಬೆರಳು ಹಾಕಿಯೇ ಬಿಟ್ಟರು. ಬೆರಳಿಗೆ ಸುಣ್ಣ ಹತ್ತಲಿಲ್ಲ. ಡಬ್ಬಿಯನ್ನು ಕಿವಿಗೆ ಹಿಡಿದರು. ಒಳಗಿನಿಂದ 'ಟಿಕ್ ಟಿಕ್' ನನಗೂ ಕೇಳುತ್ತಿತ್ತು.

"ಧೂಳ ಹೊಗಬಾರದಂತ ಅದರಾಗ ಇಟ್ಟೀನ್ರಿ," ಎಂದೆ.

ಅವರು ಕೋಟಿನ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ನನ್ನದೇ ಕೇಸು, ಹೊಸ ಕೀಲಿನೊಂದಿಗೆ ಹೊಳೆಯುತ್ತಿತ್ತು.

"ಖಾದರಸಾಬ್ರು ನಿನ್ನಿ ಮನೀಗಿ ತಂದು ಕೊಟ್ರು."

"ನಿಮ್ಮ ಮನೀಗ್ಯಾಕ್ರಿ?" ಬಾಯಿ ತಪ್ಪಿ ಕೇಳಿಬಿಟ್ಟೆ.

ಮಾವನವರು ಮುಚ್ಚಳ ತೆರೆದು ನನ್ನ ಮೂಗಿನೆದುರು ಹಿಡಿದರು. ಒಳಗೆ ದುಂಡಗೆ, ದಪ್ಪಗೆ, ಉರ್ದು ಅಕ್ಷರಗಳಲ್ಲಿ ಅವರ ಪೂರ್ತಿ ಹೆಸರು, ಕೆಳಗೆ ಹುಮನಾಬಾದ್ ಎಂದು ಕೊರೆದಿತ್ತು. ಎರಡು ವರ್ಷ, ದಿನಕ್ಕೆ ಹತ್ತು ಸಲ ಆ ಮುಚ್ಚಳ ತೆರೆದವನು ನಾನು. ತೆರೆದಾಗಲೆಲ್ಲ ಮಕ್ಕಳ ಮುಖ ನೋಡುತ್ತಿದ್ದೆ.

"ಅಳಿಯಂದ್ರೇ," ಎಂದರು ಮಾವನವರು ಬಲು ಮೆತ್ತಗೆ, "ಸಾಲ್ಯಾಗ ಹುಡುಗುರಿಗಿ ಏನ್ ಕಲಸ್ತೀರಿ?"

"ಓದೂದ್ರಿ," ಎಂದೆ.