ಟಗರುಗೋಡಿನ ಹ್ಯಾಂಡಲ್ಲು ಮತ್ತು ಅಡರಕಟ್ಟಿಯ ಕಟ್ಟೆ

ಇವರಿಂದ:
ನಂದೀಶ ಗುರುಬಸಪ್ಪ ಅಂಗಡಿ,
ದ್ವಿತೀಯ ದರ್ಜೆ ಸಹಾಯಕ,
ಬೆಟಗೇರಿ, ತಾ. ಜಿ. ಗದಗ.

ಇವರಿಗೆ:
ಶ್ರೀ ಹುಚ್ಚೀರಪ್ಪಜ್ಜ ಹೊಸಮನಿಯವರು,
ನಿವೃತ್ತ ತಲಾಟಿಗಳು,
ಬೇವಿನ ಗಿಡದ ಕೆಳಗಿನ ಕಟ್ಟೆ (ಬಲತುದಿ),
ಅಡರಕಟ್ಟಿ, ತಾ. ಲಕ್ಷ್ಮೇಶ್ವರ.

ವಿಷಯ: ದೂರದ ಸವಾರಿಯ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು ತೆಗೆದು ನೆಟ್ಟನೆಯ ಹ್ಯಾಂಡಲ್ಲನ್ನೂ ಅದಕ್ಕೆ ಹೊಂದುವ ಬಿಡಿಭಾಗಗಳನ್ನೂ ಅಳವಡಿಸಿರುವುದರಿಂದ, ಅರ್ಜಿದಾರನ ಮೇಲಿನ 'ಸೊಕ್ಕಿನವ' ಎಂಬ ಷರಾ ತೆಗೆದುಹಾಕಿ, ತಮ್ಮ ಮೊಮ್ಮಗಳು ಕುಮಾರಿ ಅಂಕಿತಾಳ ಸಂಬಂಧಕ್ಕೆ ಒಪ್ಪಿಗೆ ನೀಡುವ ಕುರಿತು.

ಉಲ್ಲೇಖ:
1. ಕಳಸಾಪುರದ ನಮ್ಮ ಸೋದರತ್ತೆಯ ಮುಖಾಂತರ ಬಂದ ತಮ್ಮ ಮೌಖಿಕ ಆದೇಶ: "ಆ ಹುಡುಗ ಬ್ಯಾಡ."
2. ಸದರಿ ಆದೇಶದ ವಿರುದ್ಧ ನಮ್ಮವ್ವ ಸಲ್ಲಿಸಿದ ಮೇಲ್ಮನವಿಗೆ ತಮ್ಮ ಉತ್ತರ: "ಬ್ಯಾಡ ಅಂದ್ರ ಬ್ಯಾಡ."
3. ಮೆಣಸಿನಕಾಯಿ ರಾಶಿಯ ಸ್ಥಳದಲ್ಲಿ ತಾವು ಖುದ್ದಾಗಿ ಆಡಿದ ಮಾತು: "ಏನ ಹೇಳೂದೈತಿ ಬರದ ಕೊಡು. ಬಾಯಿಮಾತು ನಾ ಕೇಳೂದಿಲ್ಲ."

ಮಾನ್ಯರೇ,

ಉಲ್ಲೇಖ ಮೂರರಲ್ಲಿ ಅಪ್ಪಣೆಯಾದಂತೆ, ಬಾಯಿಮಾತನ್ನು ಬದಿಗಿಟ್ಟು ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರಲು ಇಚ್ಛಿಸುತ್ತೇನೆ. ಎದುರಿಗೆ ನಿಂತು ಹೇಳಲು ನನಗೆ ಧೈರ್ಯವಿಲ್ಲವೆಂಬುದೂ ಒಂದು ಕಾರಣ. ಅದನ್ನು ಅಂಶವಾಗಿ ಪರಿಗಣಿಸಬಾರದು.

1. ಅರ್ಜಿದಾರನು ವಾರವೆಲ್ಲ ಕಚೇರಿಯಲ್ಲಿ ಕುಳಿತು ಬೇರೆಯವರ ಅರ್ಜಿಗಳ ಮೇಲೆ 'ಪರಿಶೀಲಿಸಲಾಗುವುದು' ಎಂದು ಬರೆಯುವವನಾಗಿದ್ದು, ರವಿವಾರ ಬಂತೆಂದರೆ ಆ ಬರಹವನ್ನು ಮರೆಯಲು ಸೈಕಲ್ಲು ಹತ್ತಿ ಶಿರಹಟ್ಟಿ, ಲಕ್ಷ್ಮೇಶ್ವರ, ಒಮ್ಮೊಮ್ಮೆ ಮುಂಡರಗಿಯವರೆಗೂ ಹೋಗಿಬರುತ್ತಾನೆ. ಸದರಿ ಸೈಕಲ್ಲಿನ ಹ್ಯಾಂಡಲ್ಲು ಟಗರಿನ ಕೋಡಿನಂತೆ ಮುಂದೆ ಹೋಗಿ ಕೆಳಗೆ ಬಾಗಿತ್ತು. ಈ ಕಾರಣ ನಮ್ಮ ಓಣಿಯಲ್ಲಿ ಸೈಕಲ್ಲಿಗೆ ಟಗರು ಎಂತಲೂ, ನನಗೆ ಟಗರಿನ ನಂದ್ಯಾ ಎಂತಲೂ ಹೆಸರು ಬಿದ್ದಿದೆ. ಇದಕ್ಕೆ ನನ್ನ ತಕರಾರಿಲ್ಲ.

2. ಇಂಥ ಹ್ಯಾಂಡಲ್ಲು ಯಾಕೆಂದರೆ ಗಾಳಿ. ನಮ್ಮ ಸೀಮೆಯ ಗಾಳಿ ಎಂಥದೆಂದು ತಮಗೆ ತಿಳಿಸುವುದು ಅಧಿಕಪ್ರಸಂಗವಾದೀತು. ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಯಾರೂ ಶೋಕಿಗೆ ನಿಲ್ಲಿಸಿಲ್ಲ. ಎದುರುಗಾಳಿಗೆ ಎದೆ ಕೊಟ್ಟರೆ ಸೈಕಲ್ಲು ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಸವಾರನು ಕೋಡಿನ ಕೆಳತುದಿ ಹಿಡಿದು, ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ ಹೋಗತಕ್ಕದ್ದು. ಹಾಗೆ ಹೋಗುವಾಗ ಅವನಿಗೆ ಮುಂದಿನ ಗಾಲಿ, ಮೊಣಕಾಲು ಮತ್ತು ಡಾಂಬರು ಕಾಣುತ್ತವೆ. ಹಿರಿಯರು ಕಾಣುವುದಿಲ್ಲ.

3. ಸೋದರತ್ತೆಯ ಪ್ರಯತ್ನದಿಂದ ಗದಗಿನಲ್ಲಿ ತಮ್ಮ ಕಿರಿಯ ಮಗನವರ ಮನೆಯಲ್ಲಿ ಕನ್ಯೆ ನೋಡುವ ಶಾಸ್ತ್ರ ನಡೆಯಿತು. ಕುಮಾರಿ ಅಂಕಿತಾ ಅಲ್ಲಿಯೇ ಇದ್ದು ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿರುವುದಾಗಿ ತಿಳಿದುಬಂತು. ಎಲ್ಲರೂ ಅವಲಕ್ಕಿ ತಿನ್ನುತ್ತಿರುವಾಗ ಆಕೆ ನನ್ನನ್ನು ಕೇಳಿದ್ದು ಸಂಬಳವಲ್ಲ, ಮುಂಡರಗಿ ದಾರಿಯಲ್ಲಿ ಗಾಳಿಯನ್ನು ಹೇಗೆ ಸಂಭಾಳಿಸುತ್ತೀರಿ ಎಂದು. ನಾನು ಹೇಳುತ್ತಲೇ ಹೋದೆ, ಅವಲಕ್ಕಿ ಆರಿಹೋಯಿತು. ಆ ದಿನವೇ ನನ್ನ ಕಡೆಯಿಂದ ವಿಷಯ ಇತ್ಯರ್ಥವಾಗಿತ್ತು. ತಾವು ಅಡರಕಟ್ಟಿಯಲ್ಲಿದ್ದ ಕಾರಣ, "ಅಜ್ಜ ಹೂಂ ಅಂದ್ರ ಆತು" ಎಂಬ ಷರತ್ತಿನ ಮೇಲೆ ಕಡತ ತಮ್ಮ ಕಡೆಗೆ ರವಾನೆಯಾಯಿತು.

4. ಮರುವಾರ ಅರ್ಜಿದಾರನು ಲಕ್ಷ್ಮೇಶ್ವರದ ಕಡೆಗೆ ಹೊರಟು ಅಡರಕಟ್ಟಿಯಲ್ಲಿ ಹಾದುಹೋದನು. ಗಾಳಿ ಎದುರಿಗಿತ್ತು. ಕಟ್ಟೆಯ ಮುಂದೆ ಹಾಯುವವರು ಸೈಕಲ್ಲಿನಿಂದ ಇಳಿಯಬೇಕು, ಇಳಿಯಲಾಗದಿದ್ದರೆ ಕೈಯಾದರೂ ಎತ್ತಿ ಶರಣು ಅನ್ನಬೇಕು, ಎಲ್ಲಿಗೆ ಹೊಂಟಿ ಎಂದರೆ ನಿಂತು ಉತ್ತರ ಕೊಡಬೇಕು ಎಂಬ ವಾಡಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮಪ್ಪ ಕಲಿಸಿದ ಮೊದಲ ಪಾಠವೇ ಅದು. ಆದರೆ ಕಟ್ಟೆಯೇ ಕಾಣದವನಿಗೆ ಕಟ್ಟೆಯ ಮೇಲಿನ ಬೀಗರು ಹೇಗೆ ಕಂಡಾರು? ತಾವು ಕೂಗಿ ಕರೆದಿರಂತೆ. ಕಿವಿಯಲ್ಲಿ ಗಾಳಿ ಮೊರೆಯುತ್ತಿತ್ತು. ತಾವು ಯಾರ ಮಗ ಅದು ಎಂದು ವಿಚಾರಿಸಿ, ನನ್ನ ಹೆಸರು ತಿಳಿದು, ಪಕ್ಕದವರಿಗೆ ಹೇಳಿದ್ದು ಅತ್ತೆಯ ಮೂಲಕ ಇಡೀ ಕಳಸಾಪುರ ಸುತ್ತಿ ನಮ್ಮ ಮನೆಗೆ ಬಂತು:

"ಮಾರಿ ತಪ್ಪಿಸಿ ಹೊಂಟ ನೋಡು. ನೌಕರಿ ಐತಂತ ಸೊಕ್ಕು ಅವಗ. ಇಂದ ತಲಿ ಎತ್ತದವ ನಾಳೆ ನಮ್ಮ ಹುಡುಗಿನ್ನ ಕಣ್ಣೆತ್ತಿ ನೋಡ್ತಾನೇನು?"

ಮಾನ್ಯರೇ, ತಲೆ ತಗ್ಗಿಸಿದವನಿಗೆ ಸೊಕ್ಕಿನವ ಎಂಬ ಷರಾ ಬಂದದ್ದು ನನ್ನ ಸೇವಾವಧಿಯಲ್ಲಿ ಇದೇ ಮೊದಲು.

5. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮವ್ವ ಹೇಳಿದ್ದರಿಂದ, ಹ್ಯಾಂಡಲ್ಲನ್ನೇ ಬದಲಿಸುವುದೆಂದು ತೀರ್ಮಾನಿಸಿ ಬೆಟಗೇರಿಯ ಸೈಕಲ್ ಮಿಸ್ತ್ರಿ ದಸ್ತಗೀರಸಾಬರ ಅಂಗಡಿಗೆ ಹೋದೆನು. ಕೋಡಿನ ಹ್ಯಾಂಡಲ್ಲಿನ ಮೇಲೆ ಬ್ರೇಕು ಮತ್ತು ಗೇರು ಒಂದೇ ಲಿವರಿನಲ್ಲಿ ಕೂಡಿಕೊಂಡಿರುತ್ತವೆ. ನೆಟ್ಟನೆಯ ಹ್ಯಾಂಡಲ್ಲಿನ ಕೊಳವೆಯ ದಪ್ಪ ಬೇರೆ. ಅಲ್ಲಿ ಆ ಲಿವರು ಕೂಡುವುದಿಲ್ಲ. ಕಾರಣ, ಲಿವರೂ ಬೇರೆ ಬೇಕು. ದಸ್ತಗೀರಸಾಬರು ತಮ್ಮ ಅಂಗಡಿಯ ಅಟ್ಟದಲ್ಲಿ ಮಲಗಿದ್ದ ಯಾವುದೋ ಗೇರ್ ಸೈಕಲ್ಲಿನ ಹ್ಯಾಂಡಲ್ಲು ಲಿವರು ಬಿಚ್ಚಿ ನನ್ನದಕ್ಕೆ ಬಿಗಿದು, ನಿಂತಲ್ಲೇ ಲಿವರು ಒತ್ತಿ ನೋಡಿ, "ಕಬ್ಬಿಣದಂಗ ಹಿಡೀತೈತಿ, ಹೋಗ್ರಿ" ಎಂದು ಅಭಯ ನೀಡಿದರು. ನಾನು ನಂಬಿದೆನು. ಅವರೂ ನಂಬಿದ್ದರು.

6. ಮುಂದಿನ ರವಿವಾರ ತಮ್ಮ ಕಟ್ಟೆಗೆ ಶರಣು ಹೇಳುವ ಏಕೈಕ ಉದ್ದೇಶದಿಂದ ಬೆಟಗೇರಿ ಬಿಟ್ಟೆನು. ಬೆನ್ನು ನೆಟ್ಟಗೆ, ತಲೆ ಮೇಲಕ್ಕೆ. ದಾರಿಯುದ್ದಕ್ಕೂ ಅಭ್ಯಾಸಕ್ಕೆಂದು ಕಂಡಕಂಡವರಿಗೆ ಕೈ ಎತ್ತಿದೆನು. ಒಂದು ಎತ್ತಿನ ಬಂಡಿಯವನು ನಾನು ಚುನಾವಣೆಗೆ ನಿಂತಿದ್ದೇನೆಂದು ತಿಳಿದು ಯಾವ ಪಕ್ಷ ಎಂದು ಕೇಳಿದನು. ಎದುರುಗಾಳಿಯೇ ತಡೆಯುತ್ತಿದ್ದುದರಿಂದ ಅಲ್ಲಿಯವರೆಗೆ ಬ್ರೇಕಿನ ಅಗತ್ಯ ಬಿದ್ದಿರಲಿಲ್ಲ. ಊರ ಇಳಿಜಾರಿನಲ್ಲಿ ಕಟ್ಟೆ ಕಂಡಿತು. ತಾವೂ ಕಂಡಿರಿ. ಬಲಗೈ ಎತ್ತಿ, "ಶರಣ್ರೀ ಅಜ್ಜಾರ" ಎಂದೆ. ಇಳಿಯೋಣವೆಂದು ಎಡಗೈಯಿಂದ ಬ್ರೇಕು ಒತ್ತಿದೆ. ಲಿವರು ಕಬ್ಬಿಣದಂತೆಯೇ ಹಿಡಿಯಿತು. ಗಾಲಿ ಮಾತ್ರ ಕೇಳಲಿಲ್ಲ. ಎತ್ತಿದ ಕೈಯನ್ನು ಇಳಿಸಲೂ ಮರೆತು, ತಮ್ಮ ಮುಂದೆಯೇ, ತಮ್ಮನ್ನು ನೋಡುತ್ತಲೇ ಮುಂದೆ ಸಾಗಿದೆನು. ಕಟ್ಟೆಯ ಮೇಲೆ ಯಾರೋ "ಟಾಟಾ ಮಾಡಿ ಹೊಂಟಾನಲೇ, ಸಂಬಂಧ ಮುರಕೊಂಡ ಹೊಂಟಾನ" ಎಂದದ್ದು ಕೇಳಿಸಿತು. ಉತ್ತರ ಕೊಡುವಷ್ಟರಲ್ಲಿ ತಮ್ಮ ಮನೆಯ ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ರಾಶಿ ಬಂತು.

7. ಸದರಿ ರಾಶಿಯೊಳಗಿಂದ ಎದ್ದ ಅರ್ಜಿದಾರನ ಕಣ್ಣು ಕೆಂಪಾಗಿದ್ದು, ಮೂಗು ಸೋರುತ್ತಿದ್ದು, ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲವೆಂಬುದು ಖರೆ. ಅದನ್ನು ಕಂಡು ತಾವು "ಮುಂಜಾನೆದ್ದು ಕುಡದ ಬಂದಾನ" ಎಂದು ಸ್ಥಳದಲ್ಲಿಯೇ ಮಹಜರು ಮುಗಿಸಿದಿರಿ. ಗಾಯದ ಮೇಲೆ ಬರೆ ಎಳೆದಂತಾಯಿತು. ಆಗ ಬಾಗಿಲಿಗೆ ಬಂದ ಅಜ್ಜಿ ಬಸವಣ್ಣೆವ್ವನವರು ನನಗೆ ಮಜ್ಜಿಗೆ ಕೊಟ್ಟು, ತಮ್ಮ ಕಡೆ ತಿರುಗಿ ಹೇಳಿದ್ದು ಈ ಅರ್ಜಿಗೆ ಬಹು ಮುಖ್ಯವಾದ ಸಾಕ್ಷಿಯಾಗಿರುವುದರಿಂದ ಇದ್ದದ್ದು ಇದ್ದಂತೆ ನಮೂದಿಸುತ್ತೇನೆ:

"ಕುಡದಾನ ಅಂತೀರಿ. ವರ್ಷಾ ವರ್ಷಾ ನನ್ನ ಮೆಣಸಿನಕಾಯಿ ಚೀಲ ತುಂಬಾಕ ಬಂದು ನೀವು ಅಳೂದಿಲ್ಲೇನು? ನೀವು ಏನ ಕುಡದ ಬರ್ತೀರಿ?"

ಕಟ್ಟೆ ನಕ್ಕಿತು. ತಾವು ನಗಲಿಲ್ಲ. ಉಲ್ಲೇಖ ಮೂರರ ಮಾತು ಹೇಳಿ ಒಳಗೆ ಹೋದಿರಿ. ತಾವು ನಕ್ಕಿದ್ದರೆ ಈ ಅರ್ಜಿಯ ಅಗತ್ಯವೇ ಬೀಳುತ್ತಿರಲಿಲ್ಲ.

8. ಸೈಕಲ್ಲು ತಳ್ಳಿಕೊಂಡು, ಟೆಂಪೋ ಹತ್ತಿ, ಸೀನುತ್ತ ಬೆಟಗೇರಿ ಮುಟ್ಟಿದೆನು. ದಸ್ತಗೀರಸಾಬರು ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿ ತಲೆ ಕೆರೆದುಕೊಂಡರು. ಲಿವರು ಎಳೆಯುವ ತಂತಿಯ ಅಳತೆ ಒಂದು, ನನ್ನ ಹಳೆಯ ಬ್ರೇಕು ಬೇಡುವ ಅಳತೆ ಇನ್ನೊಂದು. ಎರಡೂ ಒಳ್ಳೆಯವೇ; ಕೂಡಿ ಬಾಳುವುದಿಲ್ಲ. "ತಪ್ಪು ನಂದ ಐತ್ರಿ. ಹ್ಯಾಂಡಲ್ಲು ಒಂದ ಬದಲಿ ಆಗೂದಿಲ್ಲ, ಅದರ ಬೀಗರೆಲ್ಲಾ ಬದಲಿ ಆಗಬೇಕು" ಎಂದರು. ಆದರೆ ನನ್ನ ಸೈಕಲ್ಲಿಗೆ ಹೊಂದುವ ಪೂರ್ತಿ ಜೋಡಣೆ ಅವರ ಅಟ್ಟದಲ್ಲಿರಲಿಲ್ಲ. ನಾನು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತೆ. ನಾಚಿಕೆ ಬಿಟ್ಟು ಬರೆಯುವುದಾದರೆ, ಆಗ ಕಣ್ಣಲ್ಲಿ ಬಂದದ್ದು ಮೆಣಸಿನಕಾಯಿ ನೀರಲ್ಲ.

9. ಈ ಸಂದರ್ಭದಲ್ಲಿ ಅಂಗಡಿಯ ಮುಂದೆ ಒಂದು ಗೇರ್ ಸೈಕಲ್ಲು ಬಂದು ನಿಂತಿತು. ಅದರ ಮೇಲಿದ್ದವರು ಕುಮಾರಿ ಅಂಕಿತಾ. ಅಜ್ಜಿಯವರು ಫೋನಿನಲ್ಲಿ ಎಲ್ಲ ಖಬರ ಮುಟ್ಟಿಸಿದ್ದರು. ಆಕೆ ಮೊದಲು ನನ್ನ ಮೊಣಕಾಲು ನೋಡಿದರು, ಆಮೇಲೆ ಮೂಲೆಯಲ್ಲಿ ಬಿಸಾಡಿದ್ದ ಕೋಡಿನ ಹ್ಯಾಂಡಲ್ಲು ನೋಡಿದರು. ಆ ಹ್ಯಾಂಡಲ್ಲನ್ನು ಎತ್ತಿಕೊಂಡು, ಹಿಡಿದು, ಅಂಗಡಿಯಲ್ಲಿ ನಿಂತಲ್ಲೇ ಬಗ್ಗಿ ನೋಡಿದರು.

"ಇದನ್ನ ನನ್ನ ಸೈಕಲ್ಲಿಗೆ ಹಾಕ್ರಿ. ನಾಗಾವಿ ಏರಿನ್ಯಾಗ ಗಾಳಿ ನನ್ನ ಎದಿಗೇ ಬಂದು ನಿಂದರ್ತೈತಿ" ಎಂದು ದಸ್ತಗೀರಸಾಬರಿಗೆ ಹೇಳಿದರು.

ಹಾಗೆ ಹೋದರೆ ಮಂದಿ ಏನೆನ್ನುತ್ತಾರೆ ಎಂಬುದಕ್ಕೆ ನಾನೇ ಜೀವಂತ ಸಾಕ್ಷಿ ಎಂದೆ. ಆಕೆ ಹೇಳಿದ ಮಾತನ್ನು ನಾನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

"ಎಲ್ಲಾರ ಮಾರಿ ನೋಡಕೋತ ಹೊಂಟ್ರ ಊರು ದಾಟೂದು ಯಾವಾಗರೀ? ನಿಮಗ ಮಂದಿಗೆ ಕೈ ಎತ್ತೂದು ಸೇರತೈತಿ, ನೀವು ನೆಟ್ಟಗ ಕುಂಡ್ರಿ. ನನಗ ಏರು ಹತ್ತೂದು ಐತಿ, ನಾ ಬಗ್ಗತೀನಿ."

10. ಕಾರಣ, ದಸ್ತಗೀರಸಾಬರ ಸಮಕ್ಷಮದಲ್ಲಿ ಕೆಳಕಂಡ ಅದಲುಬದಲು ನಡೆಯಿತು. ತಮ್ಮ ಮೊಮ್ಮಗಳ ಸೈಕಲ್ಲಿನ ನೆಟ್ಟನೆಯ ಹ್ಯಾಂಡಲ್ಲು, ಅದರ ಲಿವರು, ಆ ಲಿವರಿಗೆ ಹೊಂದುವ ಬ್ರೇಕು ನನ್ನ ಸೈಕಲ್ಲಿಗೆ ಬಂದವು. ನನ್ನ ಕೋಡಿನ ಹ್ಯಾಂಡಲ್ಲು, ಅದರ ಲಿವರು, ಅದರ ಬ್ರೇಕು ಆಕೆಯ ಸೈಕಲ್ಲಿಗೆ ಹೋದವು. ಎರಡೂ ಸೈಕಲ್ಲುಗಳ ಹಿಂದಿನ ಹಲ್ಲುಚಕ್ರಗಳ ಲೆಕ್ಕ ಒಂದೇ ಆಗಿದ್ದರಿಂದ ಗೇರೂ ತಕರಾರು ಮಾಡಲಿಲ್ಲ. ಬ್ರೇಕು ಒತ್ತಿದರೆ ಈಗ ಗಾಲಿ ನಿಲ್ಲುತ್ತದೆ. ಈ ಸಲ ಮೂವರೂ ಇಳಿಜಾರಿನಲ್ಲಿ ಹೋಗಿ ನೋಡಿದ್ದೇವೆ. ಉಳಿದ ಹಳೆಯ ಸಾಮಾನು ದಸ್ತಗೀರಸಾಬರ ಅಟ್ಟಕ್ಕೆ ಮರಳಿದೆ.

ಕೊಡುವ ಕೊಳ್ಳುವ ಶಾಸ್ತ್ರ ಹಿರಿಯರ ಮುಂದೆ, ಎಲೆ ಅಡಿಕೆ ಇಟ್ಟು ನಡೆಯಬೇಕೆಂಬುದು ನನಗೆ ಗೊತ್ತಿದೆ. ನಡೆದುಹೋದದ್ದು ಗ್ರೀಸು ಬಟ್ಟೆಯ ಮೇಲೆ. ಹೊರಡುವಾಗ ತಮಗೆ ಹೇಗೆ ತಿಳಿಸುವುದೆಂದು ಕೇಳಿದಾಗ ಆಕೆ, ಬರೆಯಿರಿ, ಅಜ್ಜ ಬರೆದದ್ದಕ್ಕೆ ಬೆಲೆ ಕೊಡುತ್ತಾನೆ ಎಂದರು. ಬರೆದಿದ್ದೇನೆ.

11. ನನಗೆ ಅಂಕಿತಾ ಬೇಕು. ಇದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಬಹಳ ಹಾಳೆ ಹರಿದೆನು. ಯಾವ ಸುತ್ತೋಲೆಯಲ್ಲೂ ಇದಕ್ಕೆ ತಕ್ಕ ಪದ ಸಿಗಲಿಲ್ಲವಾದ ಕಾರಣ ಇದ್ದಂತೆಯೇ ಬರೆದಿದ್ದೇನೆ.

ಆದ್ದರಿಂದ ಮಾನ್ಯರು ದಯಮಾಡಿ,

ಅ) 'ಸೊಕ್ಕಿನವ', 'ಟಾಟಾ ಮಾಡಿದವ' ಮತ್ತು 'ಕುಡುಕ' ಎಂಬ ಮೂರೂ ಷರಾಗಳನ್ನು, ಕ್ರಮವಾಗಿ ಗಾಳಿ, ಬ್ರೇಕು ಮತ್ತು ಮೆಣಸಿನಕಾಯಿಯ ಖಾತೆಗೆ ವರ್ಗಾಯಿಸಬೇಕಾಗಿಯೂ,

ಆ) ಮೇಲಿನ ಅದಲುಬದಲಿಗೆ ಘಟನೋತ್ತರ ಮಂಜೂರಾತಿ ನೀಡಬೇಕಾಗಿಯೂ,

ಇ) ಇನ್ನು ಮುಂದೆ ತಲೆ ತಗ್ಗಿಸಿ ಹೋಗುವವರನ್ನೆಲ್ಲ ಸೊಕ್ಕಿನವರೆಂದೇ ಕಟ್ಟೆಯು ತೀರ್ಮಾನಿಸುವುದಾದಲ್ಲಿ, ಈಗ ಕೋಡು ಹಿಡಿದಿರುವವರು ತಮ್ಮ ಮನೆಯವರೇ ಆಗಿರುವುದರಿಂದ, ಸೊಕ್ಕಿನವಳಿಗೆ ಸೊಕ್ಕಿನವ ಹೊಂದುವ ಜೋಡಣೆಯೆಂದು ಪರಿಗಣಿಸಿ ಒಪ್ಪಿಗೆ ನೀಡಬೇಕಾಗಿಯೂ ಕೋರುತ್ತೇನೆ.

'ಪರಿಶೀಲಿಸಲಾಗುವುದು' ಎಂದು ಮಾತ್ರ ಬರೆಯಬಾರದು. ಅದರ ಅರ್ಥ ನನಗೆ ಗೊತ್ತಿದೆ.

ಸದ್ಯಕ್ಕೆ ತಮ್ಮ ವಿಶ್ವಾಸಿ,
ಮುಂದಿನದು ತಮ್ಮ ಆದೇಶದಂತೆ,
(ನಂದೀಶ ಗು. ಅಂಗಡಿ)

ಲಗತ್ತುಗಳು:
1. ಹಳೆಯ ಬ್ರೇಕಿನ ತಂತಿ, ಒಂದು ಸುರುಳಿ (ನಿರ್ದೋಷಿಯಾದರೂ ಸಾಕ್ಷಿಗಾಗಿ).
2. ಅರ್ಜಿದಾರನ ಅಂಗಿಯ ಜೇಬಿನಲ್ಲಿ ಸಿಕ್ಕ ಮೆಣಸಿನಕಾಯಿಗಳು. ಅಜ್ಜಿಯವರಿಗೆ ವಾಪಸು.
3. ದಸ್ತಗೀರಸಾಬರ ಹೇಳಿಕೆ, ಗ್ರೀಸಿನ ಹೆಬ್ಬೆಟ್ಟಿನ ಸಹಿತ. ಅವರಿಗೆ ಸಹಿ ಬರುತ್ತದೆ. ಕೈ ತೊಳೆಯಲು ಪುರುಸೊತ್ತಿರಲಿಲ್ಲ.

ಪ್ರತಿ: ಶ್ರೀಮತಿ ಬಸವಣ್ಣೆವ್ವನವರಿಗೆ, ಅಜ್ಜನವರು ಓದಿ ಮಡಚಿಟ್ಟಲ್ಲಿ ಮುಂದಿನ ಕ್ರಮಕ್ಕಾಗಿ.

ವಿಶೇಷ ಸೂಚನೆ: ಬರುವ ರವಿವಾರ ಮುಂಜಾನೆ ತಮ್ಮ ಕಟ್ಟೆಯ ಮುಂದೆ ಎರಡು ಸೈಕಲ್ಲು ಬರಲಿವೆ. ಮುಂದಿನದರ ಮೇಲೆ ತಲೆ ತಗ್ಗಿಸಿ, ತಮ್ಮನ್ನು ನೋಡದೆ ಹಾದುಹೋಗುವವರು ತಮ್ಮ ಮೊಮ್ಮಗಳು. ಗಾಳಿ ಎದುರಿಗಿರುತ್ತದೆ, ಕೂಗಿ ಕರೆಯಬಾರದು, ಬಾಗಿಲ ಮುಂದೆ ತಾವಾಗಿಯೇ ನಿಲ್ಲುತ್ತಾರೆ. ಹಿಂದಿನದು ನನ್ನದು. ಒಂದು ಕೈ ಬ್ರೇಕಿನ ಮೇಲೆ ಇರಬೇಕಾದ ಕಾರಣ ಒಂದೇ ಕೈ ಎತ್ತುತ್ತೇನೆ. ಅದನ್ನು ಇಬ್ಬರ ಶರಣು ಎಂದು ಜಮಾ ಮಾಡಿಕೊಳ್ಳಬೇಕಾಗಿ ವಿನಂತಿ.