ಮೂರು ಸಮತಲಗಳೂ ನನ್ನ ಪೇಷೆಂಟುಗಳೂ

ನಾನು ಬೀದರಿನವಳು. ಫಿಸಿಯೋಥೆರಪಿ ನನ್ನ ಕೆಲಸ. ಮೊದಲು ಮಹಾರಾಷ್ಟ್ರದ ನಾಸಿಕದಲ್ಲಿ, ಈಗ ಸಂಭಾಜಿನಗರದಲ್ಲಿ, ಅಂದರೆ ಹಿಂದಿನ ಔರಂಗಾಬಾದಿನಲ್ಲಿ. ಮನುಷ್ಯನ ಮೈ ಮೂರು ಸಮತಲಗಳಲ್ಲಿ ಚಲಿಸುತ್ತದೆ ಎಂದು ಕಾಲೇಜಿನಲ್ಲಿ ಕಲಿಸಿದ್ದರು: ಹಿಂದೆ ಮುಂದೆ, ಅಕ್ಕಪಕ್ಕ, ಆಮೇಲೆ ಸುತ್ತ ತಿರುಗುವುದು. ಬಾಗಿಲಿಗೆ ಬಿಜಾಗರಿ ಇದ್ದಂತೆ ಒಂದೊಂದಕ್ಕೂ ಒಂದು ಅಕ್ಷ. ಪುಸ್ತಕದ ಚಿತ್ರದಲ್ಲಿದ್ದ ಮನುಷ್ಯ ಅಷ್ಟಕ್ಕೇ ಸುಮ್ಮನಿದ್ದ. ನನ್ನ ಹತ್ತಿರ ಬರುವವರು ಹಾಗಲ್ಲ, ಆಗಾಗ ಹೊಸದೊಂದು ದಿಕ್ಕು ಕಂಡುಹಿಡಿಯುತ್ತಾರೆ.

ಕಿಟಕಿ ಕಡೆಗೆ

ನಾಸಿಕದಲ್ಲಿ ಕಲಬುರಗಿ ಕಡೆಯ ಕಿರಾಣಿ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ಬಂದರು. ಬಲಭುಜ ಹಿಡಿದುಕೊಂಡಿತ್ತು. ಕೈ ಮುಂದಕ್ಕೆ ಏಳುತ್ತಿತ್ತು, ಪಕ್ಕಕ್ಕೆ ಏಳುತ್ತಿರಲಿಲ್ಲ. ಅವರ ಬಲಕ್ಕಿದ್ದ ಕಿಟಕಿ ತೋರಿಸಿ, “ಕೈ ಆ ಕಡೆ ಎತ್ರಿ” ಎಂದೆ. ಅವರು ಕೈ ಮುಂದಕ್ಕೆ ಎತ್ತಿ, ಮೈಯನ್ನೇ ಕಿಟಕಿಗೆ ತಿರುಗಿಸಿದರು.

“ಮೈ ತಿರಗಬಾರದ್ರಿ ಅಣ್ಣಾರ, ಬರೇ ಕೈ.”

“ಕೈ ಕಿಟಕಿ ಕಡೆನ ಅದಲ್ರಿ ಮೇಡಂ.”

ಅವರ ಸೊಂಟ ಗಟ್ಟಿಯಾಗಿ ಹಿಡಿದುಕೊಳ್ಳಲು ಹೆಂಡತಿಗೆ ಹೇಳಿದೆ. ಆಕೆ ಎರಡೂ ಕೈಯಿಂದ ಹಿಡಿದರು. ಈ ಸಲ ಇಬ್ಬರೂ ಕೂಡಿ ತಿರುಗಿದರು.

“ನೀವರೆ ಗಟ್ಟಿ ನಿಲ್ಲಬೇಕಲ್ರಿ ಅಕ್ಕಾರ?”

“ಇವರು ತಿರಗಿದ ಕಡೆ ತಿರಗೂದು ಮದುವ್ಯಾದಾಗಿಂದ ರೂಢಿ ಆಗ್ಯಾದ್ರಿ,” ಎಂದರು ಆಕೆ.

ಅಲ್ಲಾಡಬ್ಯಾಡ್ರಿ

ಅಳತೆಗೆ ಮೊದಲು ಪೇಷೆಂಟು ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ಅಂಗೈ ಮುಂದಕ್ಕೆ ತೋರಿಸಬೇಕು. ಕಟ್ಟಡದ ಕೆಲಸಕ್ಕೆ ನಾಸಿಕಕ್ಕೆ ಬಂದಿದ್ದ ನಮ್ಮ ಕಡೆಯ ಗೌಂಡಿಯೊಬ್ಬನನ್ನು, ಒಳಗೆ ಜಾಗವಿಲ್ಲದೆ, ಹೊರಗೆ ಜನ ಕೂತಿದ್ದ ಕಡೆಯೇ ಹಾಗೆ ನಿಲ್ಲಿಸಿದೆ. “ಅಲ್ಲಾಡಬ್ಯಾಡ್ರಿ, ಕೋನ ಅಳಿಯೋದು ತರ್ತೀನಿ” ಎಂದು ಒಳಗೆ ಹೋದೆ.

ಬಂದು ನೋಡಿದರೆ ಅವನ ಒಂದು ಕೈಯಲ್ಲಿ ಮೆಂತ್ಯಸೊಪ್ಪಿನ ಚೀಲ ನೇತಾಡುತ್ತಿತ್ತು. ಇನ್ನೊಂದು ಕೈಯ ಬೆರಳು ಹಿಡಿದು ಒಂದು ಕೂಸು ನಿಂತಿತ್ತು.

“ಯಾರದ್ರೀ ಕೂಸು?”

“ಗೊತ್ತಿಲ್ರಿ. ಯಾರೋ ಮರಾಠಿ ಅಕ್ಕಾರು ‘ಭಾವೂ, ಜರಾ ಧರಾ’ ಅಂತ ಚೀಲಾನೂ ಕೂಸೂ ಹಿಡಿಸಿ ಹೋದ್ರು. ಬ್ಯಾಡ ಅಂತ ಕೈ ಹಿಂದ ತಗೊಂಡ್ರ ಅಲ್ಲಾಡಿದಂಗ ಆಗ್ತದಲ್ರಿ.”

ಕುತ್ತಿಗೆ

ಸಂಭಾಜಿನಗರದಲ್ಲಿ ಆಫೀಸು ಕೆಲಸದ, ನಮ್ಮ ಕಡೆಯ ಒಬ್ಬರಿಗೆ ಕುತ್ತಿಗೆ ಹಿಡಿದಿತ್ತು. “ತಲಿ ಮ್ಯಾಲ ಕೆಳಗ ಮಾಡಬ್ಯಾಡ್ರಿ, ಪಕ್ಕಕ್ಕೂ ವಾಲಿಸಬ್ಯಾಡ್ರಿ. ಆಗಾಗ ನಿಧಾನಕ್ಕ ಎಡಕ್ಕ ಬಲಕ್ಕ ತಿರುಗಿಸ್ರಿ, ಅಷ್ಟ ಸಾಕು” ಎಂದು ಕಳಿಸಿದೆ. ನಾನು ಬೇಡವೆಂದ ಎರಡೂ ನಮ್ಮಲ್ಲಿ ‘ಹೌದು’ ಎನ್ನುವ ರೀತಿ, ಉಳಿದ ಒಂದೇ ‘ಇಲ್ಲ’ ಎನ್ನುವುದು ಎಂದು ನನಗೆ ಹೊಳೆಯಲೇ ಇಲ್ಲ.

ಆ ವಾರ ಅವರ ಮಗಳನ್ನು ನೋಡಲು ಅದೇ ಜಿಲ್ಲೆಯ ವೈಜಾಪುರದಿಂದ ಗಂಡಿನ ಕಡೆಯವರು ಬಂದರು. ಪೋಹೆ ಆಯಿತು, ಚಹಾ ಆಯಿತು. ಹುಡುಗನ ತಂದೆ, “ನಮಗ ಹುಡುಗಿ ಪಸಂದ ಅದಾಳ. ನಿಮಗ ನಮ್ಮ ಹುಡುಗ?” ಎಂದು ಕೇಳಿದರು. ಇವರು ಬಾಯಿತುಂಬ “ಪಸಂದ್ರಿ, ಭಾಳ ಪಸಂದ” ಎನ್ನುತ್ತ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿದರು. ಹುಡುಗನ ತಂದೆ ಬಾಯಿ ನಂಬಲಿಲ್ಲ, ಕುತ್ತಿಗೆ ನಂಬಿದರು. “ಮನಸ್ಸಿಲ್ಲದಿದ್ರ ಸೀದಾ ಹೇಳ್ರಿ” ಎಂದು ಎದ್ದರು. ಇವರು ಗಾಬರಿಯಲ್ಲಿ “ಅಲ್ರೀ, ಕೂಡ್ರಿ” ಎನ್ನುತ್ತ ಇನ್ನೂ ಜೋರಾಗಿ ತಿರುಗಿಸಿದರು. ಅವರು ಗಾಡಿ ಹತ್ತಿ ಹೋಗಿಯೇಬಿಟ್ಟರು.

ಮುಂದಿನ ಸಲ ಮಗಳ ಜೊತೆ ಬಂದು ಇದನ್ನೆಲ್ಲ ಹೇಳುವಾಗ ಅವರ ಕಣ್ಣು ತುಂಬಿತ್ತು. ನನಗೂ ಕಸಿವಿಸಿಯಾಯಿತು. ಪರೀಕ್ಷಿಸಿ ನೋಡಿದೆ, ನೋವು ಇಳಿದಿತ್ತು. “ಇವತ್ತಿಂದ ತಲಿ ಮ್ಯಾಲ ಕೆಳಗ ಮಾಡಬಹುದ್ರಿ” ಎಂದೆ. ಅವರು ಸಮಾಧಾನದಿಂದ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದರು.

ಮಗಳು ಹೋಗಲಿಲ್ಲ. ಇಲ್ಲೇ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತದೆ, ನಡುವೆ ಮರಾಠಿ ನುಸುಳುತ್ತದೆ. ಬಾಗಿಲು ಮುಂದಕ್ಕೆ ಎಳೆದು, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಮೇಡಂ, ಪ್ಲೀಜ್. ರವಿವಾರ ಮನ್ಮಾಡದವರು ನನ್ನ ನೋಡ್ಲಾಕ ಬರ್ಲಾಕತ್ತಾರ. ಪಪ್ಪಾಗ ಜುನಾ ವ್ಯಾಯಾಮಚ, ಆ ಎಡಕ್ಕ ಬಲಕ್ಕ ತಿರಗಿಸೂದು, ಇನ್ನೊಂದು ವಾರ ಚಾಲೂ ಇಡ್ರಿ.”